ಕಾದಂಬರಿ ಮುಗಿದಾಗ ಒಡೆಯುವ ಕಾಯಿ

ಇಲ್ಲಿ ಬರೆಯುವುದರಲ್ಲಿ ಕೆಲವು ತಪ್ಪಿರಬಹುದು. ಅತ್ತೆ ಉಟ್ಟಿದ್ದ ಸೀರೆ ಹಸಿರೋ ಕಂದೋ, ಹಳೇಬೀಡಿನ ಮೇಷ್ಟ್ರು ಬಂದದ್ದು ಸೋಮವಾರವೋ ಶುಕ್ರವಾರವೋ, ಆಣೆ ಮಾಡಿ ಹೇಳಲಾರೆ. ಇಂಥವು ತಪ್ಪಿದರೆ ಯಾರಿಗೂ ನಷ್ಟವಿಲ್ಲ. ಆದರೆ ಒಂದು ವಿವರವನ್ನು ಮಾತ್ರ ನಾನು ಸರಿಯಾಗಿ ನೆನಪಿಟ್ಟುಕೊಳ್ಳಬೇಕಿತ್ತು. ಅದೇ ಕೈಗೆ ಸಿಕ್ಕುತ್ತಿಲ್ಲ: ಆ ಮಧ್ಯಾಹ್ನ ಅತ್ತೆ ತೆಂಗಿನಕಾಯಿ ಒಡೆದಳೋ, ಇಲ್ಲವೋ.

ಹನ್ನೆರಡನೆಯ ವಯಸ್ಸಿನಿಂದ ದಿನಚರಿ ಬರೆಯುತ್ತಿದ್ದೇನೆ. ಆ ದಿನದ ಪುಟ ತೆಗೆದು ನೋಡಿದರೆ, ಹದಿನಾಲ್ಕರ ಹುಡುಗಿಯ ದುಂಡನೆಯ ಅಕ್ಷರದಲ್ಲಿ, "ಪುಸ್ತಕ ಮುಗಿಯಿತು. ಬಿಸಿಲು ಜಾಸ್ತಿ" ಎಂದಿದೆ. ಇರುವುದು ಎರಡೇ ವಾಕ್ಯ. ಎರಡನೆಯದು ನಿಜವಿರಬೇಕು.

ನಮ್ಮ ಮನೆ ಅರಸೀಕೆರೆಯಲ್ಲಿ, ರೈಲು ನಿಲ್ದಾಣಕ್ಕೆ ಕೂಗಳತೆಯಲ್ಲಿತ್ತು. ಅಪ್ಪನದು ಕೊಬ್ಬರಿ ವ್ಯಾಪಾರ. ಅತ್ತೆ ಎಂದರೆ ಅಪ್ಪನ ತಂಗಿ. ಜಾವಗಲ್ಲಿಗೆ ಮದುವೆಯಾಗಿ ಹೋಗಿ, ಮೂರನೆಯ ವರ್ಷಕ್ಕೆ ಗಂಡನನ್ನು ಜ್ವರದಲ್ಲಿ ಕಳೆದುಕೊಂಡು, ಮಕ್ಕಳಿಲ್ಲದೆ ಅಣ್ಣನ ಮನೆಗೆ ಹಿಂದಿರುಗಿದವಳು. ನಾನು ಹುಟ್ಟಿದಾಗ ನನ್ನನ್ನು ಮೊದಲು ಎತ್ತಿಕೊಂಡವಳು ಅವಳೇ ಎಂದು ಮನೆಯಲ್ಲಿ ಹೇಳುತ್ತಿದ್ದರು. ಅವಳಿಗೆ ಓದು ಬರುತ್ತಿರಲಿಲ್ಲ. ಆದರೆ ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ, ಪುಸ್ತಕಗಳ ನಡುವೆಯೇ ಬದುಕುವ ಎಷ್ಟೋ ಜನರನ್ನು ಕಂಡ ಮೇಲೂ, ಕಾದಂಬರಿಯನ್ನು ಅವಳಷ್ಟು ಪ್ರೀತಿಸಿದವರನ್ನು ನೋಡಿಲ್ಲ. ಅವಳು ಕಿವಿಯಿಂದ ಓದುತ್ತಿದ್ದಳು. ಕಣ್ಣು ಮಾತ್ರ ನನ್ನದು.

ಓದು ನಡೆಯುತ್ತಿದ್ದುದು ಹಿತ್ತಿಲ ಕಡೆಯ ಪಡಸಾಲೆಯಲ್ಲಿ, ಮಧ್ಯಾಹ್ನದ ಊಟವಾದ ಮೇಲೆ. ಶಾಲೆ ಇದ್ದಾಗ ವಾರಕ್ಕೆ ಒಂದೆರಡು ದಿನ, ಬೇಸಿಗೆ ರಜೆಯಲ್ಲಿ ದಿನವೂ. ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಒಣಗಿದ ಕಾಯಿಗಳನ್ನು ಇಳಿಸಿ, ಸುಲಿಸಿ, ಅಲ್ಲಿ ರಾಶಿ ಹಾಕುತ್ತಿದ್ದರು. ಅತ್ತೆ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಳು. ಒಳಗಿನ ನೀರು ಪೂರಾ ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಗಡಗಡ ಎನ್ನುತ್ತದೆ. ಹಸಿ ಉಳಿದಿದ್ದರೆ ಆ ಸದ್ದು ಬರುವುದಿಲ್ಲ. ಆಗಿದ್ದನ್ನು ಈಚೆಗೆ ಇಡುವಳು, ಆಗದ್ದನ್ನು ಆಚೆಗೆ. ಅವಳ ಎದುರಿಗೆ ಕೂಲಿಗೆ ಬರುತ್ತಿದ್ದ ಅಜ್ಜಿಯೊಬ್ಬಳು ಕುಳಿತು, ಒಳಗಿನ ಉಂಡೆ ಕೊಬ್ಬರಿ ಒಡೆಯದ ಹಾಗೆ ಚಿಪ್ಪು ಬಿಡಿಸುತ್ತಿದ್ದಳು. ನಾನು ಕಂಬಕ್ಕೆ ಒರಗಿ ಓದುತ್ತಿದ್ದೆ. ಕಾಯಿ ಅಲ್ಲಾಡಿಸುವಾಗ ನನ್ನ ಓದು ಕೇಳಿಸುತ್ತದೆಯೇ ಎಂದರೆ ಅತ್ತೆ, "ಎರಡು ಕಿವಿ ಐತಲ್ಲೇ, ಒಂದು ನಿಂಗೆ, ಒಂದು ಕಾಯಿಗೆ" ಎನ್ನುವಳು.

ಶ್ರಾವಣದಲ್ಲಿ ನಮ್ಮ ಬೀದಿಯಲ್ಲಿ ಪುರಾಣ ಹಚ್ಚುತ್ತಿದ್ದರು. ಅದಕ್ಕೆ ಕಟ್ಟಳೆಗಳಿದ್ದವು. ಕೈಕಾಲು ತೊಳೆದು ಕೂರಬೇಕು, ಹಚ್ಚಿದ ಪುರಾಣವನ್ನು ನಡುವೆ ನಿಲ್ಲಿಸಬಾರದು, ಓದುವವರು ಒಂದು ಸೊಲ್ಲನ್ನೂ ಬಿಡಬಾರದು, ಮುಗಿದ ದಿನ ಮಂಗಳವೆಂದು ಕಾಯಿ ಒಡೆದು ಚೂರು ಹಂಚಬೇಕು. ಅತ್ತೆ ಈ ಕಟ್ಟಳೆಗಳನ್ನೆಲ್ಲ ಹಾಗೇ ತಂದು ಕಾದಂಬರಿಗೆ ಹಾಕಿದ್ದಳು. ಹೊಸ ಪುಸ್ತಕ ಶುರುವಾದ ದಿನ ಜುಟ್ಟಿರುವ ಒಳ್ಳೆಯ ನೀರುಗಾಯಿಯೊಂದನ್ನು ಆರಿಸಿ ಗೋಡೆಯ ಗೂಡಿನಲ್ಲಿ ಇಡುವಳು. ಕಥೆ ಮುಗಿಯುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ. ಅವ್ವ ಒಮ್ಮೆ ಚಟ್ನಿಗೆಂದು ತೆಗೆದುಕೊಂಡದ್ದಕ್ಕೆ ಅತ್ತೆ ಎರಡು ದಿನ ಮಾತು ಬಿಟ್ಟಿದ್ದಳು. "ಮುಗೀತು" ಎಂದು ನಾನು ಪುಸ್ತಕ ಮುಚ್ಚಿದೊಡನೆ ಕಾಯಿ ಒಡೆದು ಬೆಲ್ಲದ ಜೊತೆ ಚೂರು ಹಂಚುವಳು. ಮೊದಲ ಚೂರು ಓದಿದವಳಿಗೆ.

ಅಪ್ಪ ನಗುತ್ತಿದ್ದರು. "ಪತ್ತೇದಾರಿ ಕಥೆಗೂ ಮಂಗಳವೇನೇ? ಆ ಕಳ್ಳಂಗೂ ಒಂದು ಚೂರು ಎತ್ತಿಡು."

"ಕಳ್ಳ ಸಿಕ್ಕಿಬಿದ್ದಿದ್ದಕ್ಕೇ ಅಣ್ಣಯ್ಯ ಕಾಯಿ ಒಡ್ದಿದ್ದು" ಎನ್ನುವಳು ಅತ್ತೆ.

ಲೇಖಕರ ಹೆಸರು ಅವಳಿಗೆ ಬೇಕಿರಲಿಲ್ಲ. ನಾನು ಓದಿ ಹೇಳಿದರೂ ಮರೆತುಬಿಡುತ್ತಿದ್ದಳು. ತಾನೇ ಅವರಿಗೆ ಹೆಸರಿಟ್ಟಿದ್ದಳು. ನಾನೂ ಇಲ್ಲಿ ಅವನ್ನೇ ಬಳಸುತ್ತೇನೆ. ಒಬ್ಬರು 'ಮಳೆಯೋರು'. ಅವರ ಕಾದಂಬರಿಯಲ್ಲಿ ಏನು ಆಗಬೇಕಾದರೂ ಮೊದಲು ಮಳೆ ಬರಬೇಕು. ನಮ್ಮ ಬಯಲಿನ ಬಿಸಿಲಲ್ಲಿ ಅದನ್ನು ಕೇಳುತ್ತ ಅತ್ತೆ ಅಂಗಳದ ಕಡೆ ಕತ್ತೆತ್ತಿ, "ಇವ್ರನ್ನ ಒಂದ್ಸಲ ಈ ಕಡೆ ಕರೆಸ್ಬೇಕು ಕಣೇ" ಎನ್ನುವಳು. ಇನ್ನೊಬ್ಬರು 'ಅಳಿಸೋರು'. ಅವರ ಪುಸ್ತಕದಲ್ಲಿ ಒಳ್ಳೆಯವರೆಂದು ಗೊತ್ತಾದ ಕೂಡಲೇ ಅವರಿಗೆ ಕೆಮ್ಮು ಶುರುವಾಗುತ್ತಿತ್ತು. ಅತ್ತೆ ಅತ್ತು, ಸೆರಗಿನಿಂದ ಮೂಗೊರೆಸಿಕೊಂಡು, "ಈ ಮನುಷ್ಯಂಗೆ ಒಬ್ಬ ಡಾಕ್ಟ್ರೂ ಗೊತ್ತಿಲ್ವಾ" ಎಂದು ಬೈಯುವಳು. ಮೂರನೆಯವರು, ಎಲ್ಲರಿಗಿಂತ ಮೆಚ್ಚಿನವರು, 'ಊಟದೋರು'. ಜಗಳವಾಗಲಿ, ಮದುವೆಯ ಮಾತಾಗಲಿ, ಸಾವೇ ಆಗಲಿ, ಅವರ ಅಧ್ಯಾಯ ಮುಗಿಯುವುದರೊಳಗೆ ಯಾರಾದರೊಬ್ಬರು ತಟ್ಟೆಯ ಮುಂದೆ ಕೂರುತ್ತಿದ್ದರು. "ಅತ್ರೂ ಹೊಟ್ಟೆ ಹಸೀತದೆ ಅನ್ನೋದು ಇವ್ರೊಬ್ರಿಗೇ ಗೊತ್ತಿರೋದು" ಎಂದು ಅತ್ತೆ ಮೆಚ್ಚುವಳು.

ಕೂಲಿಯ ಅಜ್ಜಿಗೆ ಯಾರ ಪುಸ್ತಕವೂ ಅಷ್ಟಕ್ಕಷ್ಟೆ. "ಈ ಬುಕ್ಕಿನ ಹೆಣ್ಮಕ್ಕಳಿಗೆ ಗೇಯೋ ಕೆಲ್ಸ ಇಲ್ವಾ ತಾಯಿ? ಯಾವಾಗ ಕೇಳಿದ್ರೂ ಕಿಟಕಿತಾವ ನಿಂತಿರ್ತವೆ."

"ಊಟದೋರ ಬುಕ್ಕಲ್ಲಿ ನಿಲ್ಲಲ್ಲ ಅಜ್ಜಿ. ಅಲ್ಲಿ ರೊಟ್ಟಿ ಬಡೀಬೇಕು."

"ಹಂಗಾದ್ರೆ ಅದನ್ನೇ ಓದ್ಸು."

ಮುಂದೆ ಮೈಸೂರಿನ ಹಾಸ್ಟೆಲಿನಲ್ಲಿ, ಅವರವರ ಮೆಚ್ಚಿನ ಲೇಖಕರು ಯಾರೆಂದು ಗೆಳತಿಯರು ಒಬ್ಬೊಬ್ಬರಾಗಿ ಹೇಳುವಾಗ, ನಾನು ಈ ಮೂವರಲ್ಲಿ ಒಬ್ಬರ ಹೆಸರನ್ನೂ ಹೇಳಲಿಲ್ಲ. ಇಂಗ್ಲಿಷಿನ ಇಬ್ಬರ ಹೆಸರು ಹೇಳಿದೆ. ಅವರಲ್ಲಿ ಒಬ್ಬರದು ಇಪ್ಪತ್ತು ಪುಟ ಮಾತ್ರ ಓದಿದ್ದೆ. ಅದೂ ನಾಚಿಕೆಯ ವಿಷಯವೇ, ಆದರೆ ಸಣ್ಣದು. ಅದನ್ನು ಇಲ್ಲಿ ಮೊದಲು ಬರೆದುಬಿಟ್ಟೆನೇಕೆ ಎಂದು ಈಗ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ದೊಡ್ಡದನ್ನು ಹೇಳುವ ಮೊದಲು ಚಿಕ್ಕದೊಂದನ್ನು ಒಪ್ಪಿಸಿ ಒಳ್ಳೆಯವಳಾಗುವ ಅಭ್ಯಾಸವಿರಬೇಕು.

ಪುಸ್ತಕಗಳನ್ನು ತಂದುಕೊಡುತ್ತಿದ್ದವರು ಮೇಷ್ಟ್ರು. ಅವ್ವನ ಕಡೆಯ ದೂರದ ನೆಂಟರು, ಹಳೇಬೀಡಿನ ಶಾಲೆಯಲ್ಲಿದ್ದರು. ಹೆಂಡತಿ ತೀರಿಹೋಗಿ ಐದಾರು ವರ್ಷದ ಮಗಳೊಬ್ಬಳನ್ನು ಸಾಕುತ್ತಿದ್ದರು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಅರಸೀಕೆರೆಗೆ ಬಂದರೆ ನಮ್ಮಲ್ಲಿಗೆ ಬಂದು, ಬಟ್ಟೆಯ ಚೀಲದಿಂದ ಎರಡು ಕಾದಂಬರಿ ತೆಗೆದಿಟ್ಟು, ಹಿಂದಿನ ಎರಡನ್ನು ತೆಗೆದುಕೊಂಡು ಹೋಗುವರು. ಜಗಲಿಯ ಮೇಲೆ ಅಪ್ಪನೊಂದಿಗೆ ಕುಳಿತು ಕಾಫಿ ಕುಡಿಯುತ್ತ ನನ್ನನ್ನು ಕೇಳುವರು, "ಏನಮ್ಮ, ಹೋದ ಸಲದ್ದು ಹೇಗಿತ್ತು?" ಬಾಗಿಲ ಹಿಂದಿನಿಂದ ಅತ್ತೆ ನನಗೆ ಹೇಳುವಳು, "ಆ ಮುದುಕಿನ ಕೊಲ್ಲಬಾರದಾಗಿತ್ತು ಅನ್ನೇ." ನಾನು ಅದನ್ನೇ ಮೇಷ್ಟ್ರಿಗೆ ಹೇಳುವೆ. "ಮುದುಕಿ ಇದ್ದರೆ ಆಸ್ತಿ ಜಗಳ ಬಗೆಹರೀತಿರಲಿಲ್ಲವಲ್ಲಮ್ಮ" ಎನ್ನುವರು ಮೇಷ್ಟ್ರು, ಕಾಫಿ ಲೋಟವನ್ನು ನೋಡುತ್ತ. "ಕಾಶಿಗೆ ಕಳಿಸಬೋದಿತ್ತಲ್ಲ ಅನ್ನೇ." ಅದನ್ನೂ ದಾಟಿಸುವೆ. ಎರಡು ವರ್ಷ ಅವರಿಬ್ಬರೂ ಮಾತಾಡಿದ್ದು ನನ್ನ ಬಾಯಲ್ಲಿ. ಅವರು ಒಬ್ಬರನ್ನೊಬ್ಬರು ನೇರವಾಗಿ ಏನಾದರೂ ಕೇಳಿದ್ದನ್ನು ನಾನು ಕಂಡಿಲ್ಲ. ಕಂಡು ಮರೆತಿದ್ದೇನೆ ಎಂದೂ ಅನ್ನಿಸುವುದಿಲ್ಲ.

ಆ ಬೇಸಿಗೆ ಮೇಷ್ಟ್ರು ಒಬ್ಬರೇ ಬರಲಿಲ್ಲ. ಜೊತೆಗೆ ಬೇಲೂರಿನಿಂದ ಅವ್ವನ ಸೋದರಮಾವ ಬಂದಿದ್ದರು. ಚೀಲದಲ್ಲಿ ಎರಡರ ಬದಲು ಒಂದೇ ಪುಸ್ತಕವಿತ್ತು, ಊಟದವರ ಹೊಸದು. ಅದನ್ನು ನನ್ನ ಕೈಗೆ ಕೊಟ್ಟು ಮೇಷ್ಟ್ರು ಬಸ್ಸಿನ ಹೊತ್ತಾಯಿತೆಂದು ಬೇಗ ಎದ್ದರು. ಹಿರಿಯರು ಮಾತ್ರ ಉಳಿದು ಅಪ್ಪನ ಮುಂದೆ ವಿಷಯ ಎತ್ತಿದರು. ಅವರು ಕೇಳಿದ್ದು ಸೀರುಡಿಕೆ. ಗಂಡ ಸತ್ತ ಹೆಣ್ಣಿಗೆ ಇನ್ನೊಬ್ಬರು ಸೀರೆ ಉಡಿಸಿ ಕರೆದುಕೊಂಡು ಹೋಗುವುದು ನಮ್ಮ ಸುತ್ತಿನ ಕೆಲವು ಮನೆಗಳಲ್ಲಿ ಇತ್ತು. ಅದಕ್ಕೆ ಚಪ್ಪರವಿಲ್ಲ, ವಾಲಗವಿಲ್ಲ, ನಾಲ್ಕು ಜನ ಹಿರಿಯರಿದ್ದರೆ ಸಾಕು. ಆದರೆ ನಾಲ್ಕು ಕಾಸು ಕಂಡ ವ್ಯಾಪಾರದ ಮನೆಗಳವರು ಅದನ್ನು ಮಾಡುತ್ತಿರಲಿಲ್ಲ.

ನಾನು ಒಳಗಿನಿಂದ ಕೇಳುತ್ತಿದ್ದೆ. ಅಪ್ಪ ಹಿರಿಯರ ಮಾತನ್ನು ಪೂರ್ತಿ ಕೇಳಿದರು. ಆಮೇಲೆ, "ನಾನಾಗಿ ಹೋಗು ಅನ್ನಲ್ಲ, ಬೇಡಾನೂ ಅನ್ನಲ್ಲ. ಮೇಷ್ಟ್ರು ಒಳ್ಳೇರು. ಅವಳು ಹೂಂ ಅಂದ್ರೆ ಊರೋರ ಬಾಯಿ ನಾನು ನೋಡ್ಕೊತೀನಿ" ಎಂದರು. ಇದು ಅಪ್ಪನ ಬಗ್ಗೆ ನನಗಿರುವ ಅತ್ಯುತ್ತಮ ನೆನಪು. ಅಪ್ಪನನ್ನು ದೂರಿ ಪಾರಾಗುವ ದಾರಿಯನ್ನೂ ಅದು ಮುಚ್ಚಿಬಿಟ್ಟಿದೆ.

ಸಂಜೆ ಅಪ್ಪ ಅತ್ತೆಗೆ ಹೇಳಿದರು. ಅವಳು ಗೂಡಿನ ಕಡೆ ನೋಡಿದಳು. ಅಷ್ಟರಲ್ಲಾಗಲೇ ಹೊಸ ಪುಸ್ತಕಕ್ಕೆಂದು ಹೊಸ ಕಾಯಿ ಅಲ್ಲಿ ಕೂತಿತ್ತು. "ಇದು ಮುಗೀಲಿ ಅಣ್ಣಯ್ಯ. ಮುಗಿದ ಮೇಲೆ ಹೇಳ್ತೀನಿ."

"ಮುಗೀಲಿ ಅಂದ್ರೆ? ಕಥೆ ಪುಸ್ತಕಾನಾ?" ಅಪ್ಪನಿಗೆ ನಗು ಬಂತು. "ನಿನ್ನ ಮದುವೆಗೂ ಅದಕ್ಕೂ ಏನೇ?"

"ಹಚ್ಚಿದ್ದನ್ನ ಮುಗಿಸ್ದೆ ಏಳಬಾರದು" ಎಂದಳು ಅತ್ತೆ.

ಮೊದಲ ಮಧ್ಯಾಹ್ನವೇ ನನಗೆ ತಿಳಿಯಿತು. ಆ ಕಾದಂಬರಿಯಲ್ಲಿ ಅಣ್ಣನ ಮನೆಯಲ್ಲಿರುವ ಒಬ್ಬ ವಿಧವೆ. ಅವಳನ್ನು ಮದುವೆಯಾಗುತ್ತೇನೆಂದು ಕೇಳುವ, ಮಗುವಿರುವ ಒಬ್ಬ ಅಂಚೆಮಾಸ್ತರು. ಹದಿನಾಲ್ಕು ವರ್ಷದವಳಿಗೂ ಅರ್ಥವಾಗುವಷ್ಟು ಸ್ಪಷ್ಟವಾಗಿ ಅದು ಮೇಷ್ಟ್ರು ಕಳಿಸಿದ ಕಾಗದ. ಓದಿಹೇಳುವವಳು ನಾನು. ಅಜ್ಜಿ ಕೈಯಲ್ಲಿದ್ದ ಚಿಪ್ಪು ಕೆಳಗಿಟ್ಟು, "ಇದ್ಯಾವುದೋ ನಮ್ಮೂರಿನ ಕಥೆ ಇದ್ದಂಗೈತಲ್ಲ!" ಎಂದು ಅತ್ತೆಯನ್ನು ನೋಡಿ ಕಣ್ಣು ಮಿಟುಕಿಸಿದಳು. ಅತ್ತೆ ತಲೆ ಎತ್ತಲಿಲ್ಲ. ಆದರೆ ಅವಳು ಆ ಹೊತ್ತು ಆಗದ ಕಾಯಿಗಳನ್ನೂ ಆಗಿದ್ದರ ರಾಶಿಗೆ ಹಾಕುತ್ತಿದ್ದಳು. ಅವಳು ಹಾಗೆ ತಪ್ಪಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಕೊನೆಯ ಮೂರು ಅಧ್ಯಾಯ ಉಳಿದಿದ್ದಾಗ ಒಂದು ಬೆಳಿಗ್ಗೆ ನಾನೊಬ್ಬಳೇ ಅಟ್ಟ ಹತ್ತಿ ಅವನ್ನು ಓದಿಬಿಟ್ಟೆ. ಕಥೆಯ ಆ ವಿಧವೆ ಅಂಚೆಮಾಸ್ತರರ ಜೊತೆ ಹೋಗುತ್ತಾಳೆ. ಅಣ್ಣ ಬಸ್ಸಿನವರೆಗೆ ಬಂದು ಕಳಿಸುತ್ತಾನೆ. ಕೆಟ್ಟದ್ದೇನೂ ಆಗುವುದಿಲ್ಲ.

ನಾನು ಅಟ್ಟದಲ್ಲಿ ಕುಳಿತು ಅತ್ತೆ ಇಲ್ಲದ ಮನೆಯನ್ನು ಊಹಿಸಿಕೊಂಡೆ. ಅದರಲ್ಲಿ ನನಗಾಗಿ ಮಾತಾಡುವವರು ಯಾರೂ ಇರಲಿಲ್ಲ. ಅವ್ವನಿಗೆ ನನ್ನನ್ನು ಮುಂದಿನ ವರ್ಷ ಶಾಲೆ ಬಿಡಿಸುವ ಯೋಚನೆಯಿತ್ತು. ಅದನ್ನು ತಡೆದಿದ್ದವಳು ಅತ್ತೆ. ಶಾಲೆಯ ಕಾರಣವೊಂದೇ ಎಂದರೆ ಇಲ್ಲೂ ಸುಳ್ಳು ಸೇರುತ್ತದೆ. ಹಳೇಬೀಡಿನ ಆ ಪುಟ್ಟ ಹುಡುಗಿ ಬೆಳೆದು, ಅತ್ತೆಗೆ ಓದಿಹೇಳುತ್ತ ಕೂರುತ್ತಾಳೆ, ಕಾಯಿಯ ಮೊದಲ ಚೂರು ಅವಳ ಕೈಗೆ ಹೋಗುತ್ತದೆ ಎಂಬ ಹೊಟ್ಟೆಕಿಚ್ಚು ಅದಕ್ಕಿಂತ ದೊಡ್ಡದಿತ್ತು.

ಆ ಮಧ್ಯಾಹ್ನ ಅಜ್ಜಿ ಕೆಲಸಕ್ಕೆ ಬಂದಿರಲಿಲ್ಲ. ನಾನು ಪುಸ್ತಕ ತೆರೆದು, ಕಣ್ಣನ್ನು ಸಾಲುಗಳ ಮೇಲಿಟ್ಟು, ಸರಿಯಾದ ಹೊತ್ತಿಗೆ ಹಾಳೆ ಮಗುಚುತ್ತ, ಅಲ್ಲಿಲ್ಲದ್ದನ್ನು ಓದಿದೆ. ಸುಳ್ಳು ಹೊಸದಾಗಿ ಹುಟ್ಟಿಸುವಷ್ಟು ಬುದ್ಧಿ ನನಗಿರಲಿಲ್ಲ. ಅಳಿಸುವವರ ನಾಲ್ಕಾರು ಪುಸ್ತಕಗಳಿಂದ ಎತ್ತಿ ಕೂಡಿಸಿದೆ. ವಿಧವೆ ಅಂಚೆಮಾಸ್ತರರ ಮನೆಗೆ ಹೋಗುತ್ತಾಳೆ. ಮಗುವಿಗೆ ಜ್ವರ ಬರುತ್ತದೆ. ಮಗು ಉಳಿಯುವುದಿಲ್ಲ. ನಿನ್ನ ಕಾಲ್ಗುಣ ಎಂದು ಅಂಚೆಮಾಸ್ತರರು ಬೈಯುತ್ತಾರೆ. ಅವಳು ಅಣ್ಣನ ಮನೆಗೆ ಬಂದರೆ ಬಾಗಿಲು ಹಾಕಿದೆ. ಅವಳು ಹೊಸ್ತಿಲ ಮೇಲೆ ಕುಳಿತಲ್ಲಿಗೆ "ಮುಗೀತು" ಎಂದೆ. ನನ್ನ ದನಿ ಚೆನ್ನಾಗಿಯೇ ನಡುಗಿತು. ಅದು ಭಯಕ್ಕೆ ನಡುಗಿದ್ದು, ಆದರೆ ಕಥೆಗೆ ಹೊಂದಿಕೊಂಡಿತು.

ಅತ್ತೆ ಅಳಲಿಲ್ಲ. ಕೈಯಲ್ಲಿದ್ದ ಕಾಯಿಯನ್ನು ಅಲ್ಲಾಡಿಸದೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಇದ್ರಲ್ಲಿ ಯಾರೂ ಉಣ್ಣಲೇ ಇಲ್ವಲ್ಲೇ" ಎಂದಳು.

"ಅಷ್ಟು ದುಃಖದಲ್ಲಿ ಯಾರು ಉಣ್ತಾರೆ ಅತ್ತೆ?"

"ಹೂಂ" ಎಂದಳು.

ಇಲ್ಲಿಂದ ಮುಂದೆ ನನ್ನ ನೆನಪು ಎರಡಾಗುತ್ತದೆ. ಒಂದರಲ್ಲಿ ಅವಳು ಎದ್ದು, ಗೂಡಿನಿಂದ ಕಾಯಿ ತೆಗೆದು, ಕಲ್ಲಿಗೆ ಒಡೆದು, ಚೂರನ್ನು ನನ್ನ ಅಂಗೈಗೆ ಹಾಕುತ್ತಾಳೆ. ಬೆಲ್ಲವಿಲ್ಲ. ಆ ಚೂರಿನ ತಣ್ಣನೆಯ ತೇವ ಈಗಲೂ ಅಂಗೈಗೆ ತಿಳಿಯುತ್ತದೆ. ಇನ್ನೊಂದರಲ್ಲಿ ಅವಳು ಗೂಡಿನ ಮುಂದೆ ಹಾದು ಹೋಗುತ್ತಾಳೆ, ಕಾಯಿಯ ಕಡೆ ನೋಡುವುದಿಲ್ಲ. ಕಾಯಿಯ ಜುಟ್ಟಿನ ಮೇಲೆ ಅಂಗಳದ ಬಿಸಿಲು ಬಿದ್ದಿದೆ. ಎರಡೂ ಒಂದೇ ಸಮ ನಿಚ್ಚಳ. ತೇವ ಬೇರೆ ಯಾವುದೋ ಪುಸ್ತಕ ಮುಗಿದ ದಿನದ್ದಿರಬಹುದು. ಬಿಸಿಲನ್ನು ದಿನಚರಿಯ ಎರಡನೆಯ ವಾಕ್ಯದಿಂದ ನಾನೇ ತಂದು ಅಲ್ಲಿ ಇಟ್ಟಿರಲೂಬಹುದು.

ಮಾರನೆಯ ಬೆಳಿಗ್ಗೆ ಅವಳು ಅಪ್ಪನಿಗೆ ಹೇಳಿದಳು: "ಬೇಡ ಅಣ್ಣಯ್ಯ. ನಾನು ಇಲ್ಲೇ ಇರ್ತೀನಿ."

"ಯೋಚ್ನೆ ಮಾಡಿದ್ಯೇನೇ?"

"ಮಾಡಿದೆ."

ಮುಂದಿನ ತಿಂಗಳು ಮೇಷ್ಟ್ರು ಬಂದರು. ಬೇಲೂರಿನ ಹಿರಿಯರ ಮೂಲಕ ಅವರಿಗೆ ಸುದ್ದಿ ಮುಟ್ಟಿತ್ತು. ಬರದೇ ಇರಬಹುದಿತ್ತು, ಪುಸ್ತಕ ತೆಗೆದುಕೊಂಡು ಹೋಗಲು ಬಂದರು. ಅವತ್ತು ಬಾಗಿಲ ಹಿಂದೆ ಯಾರೂ ಇರಲಿಲ್ಲ, ಅಥವಾ ಇದ್ದವಳು ಮಾತಾಡಲಿಲ್ಲ. ನಾನು ಪುಸ್ತಕ ಕೊಟ್ಟೆ. ಅವರು ಅದರ ಕೊನೆಯ ಹಾಳೆಗಳನ್ನು ಹೆಬ್ಬೆರಳಿನಿಂದ ಒಮ್ಮೆ ತೀಡಿ, "ಪೂರ್ತಿ ಓದಿದಿರೇನಮ್ಮ?" ಎಂದು ಕೇಳಿದರು.

"ಓದಿದೆವು ಮೇಷ್ಟ್ರೇ. ಚೆನ್ನಾಗಿತ್ತು" ಎಂದೆ.

"ಪೂರ್ತಿ ಓದಿದ ಮೇಲೆ ಸರಿ" ಎಂದು ಚೀಲಕ್ಕೆ ಹಾಕಿಕೊಂಡರು. ಮತ್ತೆ ಪುಸ್ತಕ ತರಲಿಲ್ಲ. ಎರಡು ವರ್ಷದ ಮೇಲೆ ಅವರಿಗೆ ಬಿಕ್ಕೋಡಿಗೆ ವರ್ಗವಾಯಿತೆಂದು ಕೇಳಿದೆವು.

ಅತ್ತೆ ನನ್ನ ಜೊತೆ ಮುಂಚಿನ ಹಾಗೇ ಇದ್ದಳು. ಊರಿನ ವಾಚನಾಲಯದಿಂದ ಅಪ್ಪ ತರಿಸಿಕೊಡುತ್ತಿದ್ದ ಪುಸ್ತಕಗಳನ್ನು ನಾನು ಓದುತ್ತಿದ್ದೆ, ಒಂದು ಸೊಲ್ಲೂ ಬಿಡದೆ. ಅವಕ್ಕೆಲ್ಲ ಅವಳು ಕಾಯಿ ಒಡೆದದ್ದು ನೆನಪಿದೆ. ನಾನು ಹೈಸ್ಕೂಲು ಮುಗಿಸಿದಾಗ, ಹೆಣ್ಣುಮಗುವಿಗೆ ಇನ್ನು ಓದು ಸಾಕೆಂದು ಅವ್ವ, ಅಪ್ಪ ಇಬ್ಬರೂ ಒಂದಾದರು. ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಅವಳನ್ನ ಮೈಸೂರಿಗೆ ಕಳಿಸ್ದಿದ್ರೆ ನಾನು ಈ ಮನೇಲಿ ನೀರೂ ಕುಡಿಯಲ್ಲ. ನಾನು ಇಲ್ಲಿ ಉಳಿದಿದ್ದು ಸುಮ್ನೆ ಅಲ್ಲ" ಎಂದಳು. ಆ ಕೊನೆಯ ಮಾತನ್ನು ಆಗ ಯಾರೂ ಲಕ್ಷಿಸಲಿಲ್ಲ. ನಾನೂ. ಅವಳು ನಿಜವಾಗಿ ಹಾಗೆಂದಳೇ, ಇಲ್ಲ ಪಶ್ಚಾತ್ತಾಪ ಸೇರಿಸಿದ ಮಾತೇ ಅದು ಎಂದು ಈಗ ಅನುಮಾನ ಬರುತ್ತದೆ.

ಮೈಸೂರಿನಲ್ಲಿ ಎರಡನೆಯ ವರ್ಷ ಆ ಕಾದಂಬರಿ ನನಗೆ ಮತ್ತೆ ಸಿಕ್ಕಿತು. ಕಾಲೇಜಿನ ಪುಸ್ತಕದ ಬೀರುವಿನಲ್ಲಿ, ಬೆನ್ನು ಹರಿದು, ಯಾರೂ ತೆಗೆಯದೆ ಕೂತಿತ್ತು. ನಿಂತಲ್ಲೇ ಕೊನೆಯ ಅಧ್ಯಾಯ ತೆರೆದೆ. ಹಿಂದೆ ಅಟ್ಟದಲ್ಲಿ ಓದಿದಾಗ ಅವಳು ಹೋಗುತ್ತಾಳೋ ಇಲ್ಲವೋ ಎಂಬುದನ್ನಷ್ಟೇ ಹುಡುಕಿ, ಉಳಿದದ್ದನ್ನು ಕಣ್ಣಾಡಿಸಿ ಬಿಟ್ಟಿದ್ದೆ. ಅಲ್ಲಿ ಇದ್ದದ್ದು ಹೊಸ ಮನೆಯ ಮೊದಲ ಬೆಳಗು. ಅವಳು ಒಲೆ ಹಚ್ಚುತ್ತಾಳೆ. ಮಗು ಹಟ ಮಾಡುತ್ತದೆ. ಅಂಚೆಮಾಸ್ತರರು ಮಣೆ ಹಾಕುತ್ತಾರೆ. ಮೂರು ತಟ್ಟೆ. ರೊಟ್ಟಿ ಸ್ವಲ್ಪ ಸೀದಿದೆ. ಯಾರೂ ಅದರ ಬಗ್ಗೆ ಮಾತಾಡದೆ ಉಣ್ಣುತ್ತಾರೆ. ಅಷ್ಟೇ, ಪುಸ್ತಕ ಮುಗಿಯುತ್ತದೆ.

'ಇದ್ರಲ್ಲಿ ಯಾರೂ ಉಣ್ಣಲೇ ಇಲ್ವಲ್ಲೇ' ಎಂದು ಅತ್ತೆ ಕೇಳಿದ್ದು ಏನೆಂದು ನನಗೆ ಹೊಳೆದದ್ದು ಆಗ. ಅವಳು ಆ ಲೇಖಕರನ್ನು ನನಗಿಂತ ಚೆನ್ನಾಗಿ ಬಲ್ಲವಳು. ಅವರ ಕೈಯಿಂದ ಅಂಥ ಕೊನೆ ಬರುವುದಿಲ್ಲವೆಂದು, ಹಸಿ ಕಾಯಿಯನ್ನು ಗುರುತಿಸಿದ ಹಾಗೆ ಗುರುತಿಸಿರಬಹುದು. ಗುರುತಿಸಿಯೂ ಬೇಡವೆಂದಳೇ? ಹಾಗಿದ್ದರೆ ಅವಳಿಗೆ ಅವಳದೇ ಕಾರಣಗಳಿದ್ದಾವು. ನನ್ನ ಸುಳ್ಳು ಒಂದು ಮಗುವಿನ ಕುಚೇಷ್ಟೆಯಾಗಿ ಉಳಿದೀತು. ಒಬ್ಬ ಗಟ್ಟಿ ಹೆಂಗಸು ತನ್ನ ಬಾಳನ್ನು ಕಾದಂಬರಿಯ ಕೊನೆಯ ಅಧ್ಯಾಯ ನೋಡಿ ನಿರ್ಧರಿಸಿದಳು ಎಂದುಕೊಳ್ಳುವುದೇ ನನ್ನ ಜಂಭವಿರಬಹುದು. ಕೆಲವು ದಿನ ಹೀಗೆ ಯೋಚಿಸಿ ನೆಮ್ಮದಿಯಾಗಿದ್ದೇನೆ. ಆದರೆ ಅವಳು ನಂಬಿದ್ದರೆ? ನಂಬಿ ಹೆದರಿದ್ದರೆ? ಇವೆರಡೂ ಅಲ್ಲದ ಮೂರನೆಯದೊಂದಿದೆ, ಅದನ್ನು ಬರೆಯಲು ಕೈ ಹಿಂಜರಿಯುತ್ತದೆ. ಸುಳ್ಳೆಂದು ತಿಳಿದು, ಈ ಹುಡುಗಿ ಸುಳ್ಳು ಹೇಳುವಷ್ಟು ತನ್ನನ್ನು ಹಿಡಿದುಕೊಂಡಿದೆ ಎಂದೂ ತಿಳಿದು, ಅವಳು ನನಗಾಗಿ ಉಳಿದಿದ್ದರೆ?

ನನಗಿರುವ ಸಾಕ್ಷಿ ಒಂದೇ, ಆ ಕಾಯಿ. ಕಥೆ ಮುಗಿಯಿತೆಂದು ನಂಬಿದ್ದರೆ ಅವಳು ಒಡೆಯುತ್ತಿದ್ದಳು. ಮುಗಿಯದ ಪುಸ್ತಕಕ್ಕೆ ಮಂಗಳ ಮಾಡುವವಳಲ್ಲ.

ಯುದ್ಧದ ವರ್ಷಗಳಲ್ಲಿ ನೆಂಟರ ಮದುವೆಗೆಂದು ಅತ್ತೆ ಮತ್ತು ನಾನು ಬೇಲೂರಿಗೆ ಹೊರಟೆವು. ಪೆಟ್ರೋಲಿಲ್ಲದೆ ಇದ್ದಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು, ಏರು ಬಂದಲ್ಲೆಲ್ಲ ನಿಲ್ಲುತ್ತಿತ್ತು. ಜಾವಗಲ್ಲಿನಲ್ಲಿ ಅತ್ತೆ ತನ್ನ ಗಂಡನ ಮನೆಯಿದ್ದ ಬೀದಿಯ ಕಡೆ ಒಮ್ಮೆ ನೋಡಿದಳು. ಹಳೇಬೀಡಿನಲ್ಲಿ ಇದ್ದಲು ತುಂಬಲು ಬಹಳ ಹೊತ್ತು ನಿಲ್ಲಿಸಿದರು. ಎಲ್ಲರೂ ಇಳಿದು ಕೆರೆಯ ಕಡೆ ಹೋದರು. ನಾವಿಬ್ಬರೇ ಬಸ್ಸಿನಲ್ಲಿದ್ದೆವು. ರಸ್ತೆಯಾಚೆ ಶಾಲೆ. ಮಕ್ಕಳು ಒಟ್ಟಾಗಿ ಮಗ್ಗಿ ಹೇಳುತ್ತಿದ್ದುದು ಕೇಳಿಸುತ್ತಿತ್ತು. ಅತ್ತೆ ಆ ಕಡೆಗೆ ಕಿವಿ ಕೊಟ್ಟು ಕೂತಿದ್ದಳು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದಾಗ ಅವಳ ಮುಖ ಹೇಗಿರುತ್ತಿತ್ತೋ ಹಾಗೇ ಇತ್ತು.

ತಪ್ಪು ಒಪ್ಪಿಕೊಳ್ಳಲು ಅದಕ್ಕಿಂತ ಒಳ್ಳೆಯ ಸಮಯ ಸಿಕ್ಕುವುದಿಲ್ಲವೆಂದು ಗೊತ್ತಿತ್ತು. ಬಿ.ಎ. ಓದಿದ್ದೆ, ಮಾತು ಬಲ್ಲೆ, ವಯಸ್ಸು ಇಪ್ಪತ್ತು ದಾಟಿತ್ತು. ಆದರೂ ನೇರವಾಗಿ ಹೇಳಲಿಲ್ಲ. ಬಳಸಿಕೊಂಡು ಒಂದು ಪ್ರಶ್ನೆ ಕೇಳಿದೆ. ನನ್ನ ಅಪರಾಧವನ್ನು ಅವಳೇ ಅಳೆದು ನನ್ನ ಕೈಗಿಡಲಿ ಎಂದು.

ಅವಳು ನನ್ನ ಕಡೆ ತಿರುಗಿದಳು. ಕೋಪವಿರಲಿಲ್ಲ. ನಕ್ಕಳೆಂದೂ ಹೇಳಲಾರೆ. ನನ್ನ ಕೆನ್ನೆಗೆ ಮೆತ್ತಿದ್ದ ಇದ್ದಲಿನ ಮಸಿಯನ್ನು ಸೆರಗಿನಿಂದ ಒರೆಸಿ, "ಬುತ್ತಿ ಬಿಚ್ಚೇ, ಹೊತ್ತಾಯ್ತು" ಎಂದಳು. ನಾವು ರೊಟ್ಟಿ ತಿಂದೆವು. ಅಷ್ಟರಲ್ಲಿ ಜನ ಹತ್ತಿಕೊಂಡರು.

ಅತ್ತೆ ಇದ್ದಾಳೆ. ಈಚೆಗೆ ಕಿವಿ ಮಂದವಾಗಿದೆ. ಕಾಯಿ ಆಗಿದೆಯೋ ಇಲ್ಲವೋ ನೋಡಲು ಈಗ ಬೇರೆಯವರನ್ನು ಕರೆಯುತ್ತಾಳೆ. ಓದಿಹೇಳಬೇಕಾದರೆ ಕೂಗಬೇಕು. ಅದನ್ನು ಮತ್ತೆ ಕೇಳಬೇಕೆಂದರೆ ಇಡೀ ಮನೆಗೆ, ಬೀದಿಗೆ ಕೇಳಿಸುವ ಹಾಗೆ ಕೇಳಬೇಕು. ಪ್ರತಿ ಸಲ ಊರಿಗೆ ಹೋದಾಗಲೂ ಕೇಳಿಯೇ ಬಿಡುತ್ತೇನೆಂದು ಹೋಗುತ್ತೇನೆ, ಕೇಳದೆ ಬರುತ್ತೇನೆ. ಹಳೇಬೀಡಿನ ಬಸ್ಸಿನಲ್ಲಿ ಕೇಳಿದ್ದು ಒಂದೇ ಸಲ, ಮೆಲ್ಲನೆ, ಇಷ್ಟೇ:

"ಅತ್ತೆ, ಆ ಅಂಚೆಮಾಸ್ತರರ ಕಥೆ ಮುಗಿದ ದಿನ ನೀನು ಕಾಯಿ ಒಡೆದೆಯಾ?"